ಸಂತೆಗೊಂದು ಸಾಲು, ಮನೆಗೊಂದು ಸಾಲು

ಕೊಯಮತ್ತೂರಿನ ಆರ್.ಎಸ್. ಪುರಂನ ಉಳವರ್ ಸಂದೈ, ಅಂದರೆ ರೈತರ ಸಂತೆ, ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವೇ. ತಮಿಳುನಾಡು ಸರ್ಕಾರ ಈ ಯೋಜನೆಯನ್ನು 1999ರ ನವೆಂಬರ್ 14ರಂದು ಮದುರೆಯಲ್ಲಿ ಆರಂಭಿಸಿತು. ಪಂಜಾಬಿನ 'ಅಪ್ನಿ ಮಂಡಿ' ಇದಕ್ಕಿಂತ ಹಳೆಯದು, 1987ರದು. ಬೆಳೆದವನೇ ಮಾರಬೇಕು, ನಡುವೆ ದಲ್ಲಾಳಿ ಇರಕೂಡದು ಎಂಬುದೇ ಇದರ ತಿರುಳು. ಭಾವಚಿತ್ರವಿರುವ ಗುರುತಿನ ಚೀಟಿ ಪಡೆದ ರೈತನಿಗೆ ಅಂಗಡಿಯ ಬಾಡಿಗೆಯಿಲ್ಲ, ತಕ್ಕಡಿಯೂ ಸಂತೆಯದೇ.

ದಲ್ಲಾಳಿ ತಪ್ಪಿದ್ದು ಸಂತೋಷ. ಆದರೆ ಅವನ ಜೊತೆಗೆ ಒಂದು ಮರೆಯೂ ಹೋಯಿತೆಂಬುದನ್ನು ನಾವು ಗಮನಿಸಬೇಕು. ಮಂಡಿಗೆ ಹೋದ ಬದನೆ ಯಾರ ಹೊಲದ್ದೆಂದು ತಿನ್ನುವವರಿಗೆ ತಿಳಿಯದು. ಇಲ್ಲಿ ಕೊಳ್ಳುವ ತಾಯಿ ಎದುರಿಗೇ ನಿಂತು, "ಔಷಧಿ ಹೊಡೆದು ಎಷ್ಟು ದಿನವಾಯಿತು?" ಎಂದು ಕೇಳಬಹುದು. ಸಂತೆಗೊಂದು ಸಾಲು, ಮನೆಯ ಅಡಿಗೆಗೆ ಔಷಧಿ ಕಾಣದ ಇನ್ನೊಂದು ಸಾಲು ಬೆಳೆಯುವವರು ಏನು ಹೇಳಬೇಕು?

ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯುತ್ತೇವೆ. ಸಂಜೆ ಸಿಂಪಡಿಸಿ ಮರುದಿನ ನಸುಕಿನಲ್ಲೇ ಕೊಯ್ದರೆ ವಿಷವೂ ಬುಟ್ಟಿಗೆ ಬಂದಂತೆಯೇ. ತೊಳೆದರೆ ಮೇಲಿನದು ಸ್ವಲ್ಪ ಹೋದೀತು, ಗಿಡದೊಳಗೆ ಇಳಿಯುವ ಔಷಧಿ ತೊಳೆದರೂ ಹೋಗದು. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂದು ಔಷಧಿಯೊಂದಿಗೆ ಬರುವ ಚೀಟಿಯಲ್ಲಿದೆ. ಅಂಗಡಿಯವರಿಂದ ಓದಿಸಿಯೇ ತನ್ನಿ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿದೆ. ಹತ್ತಿಗೆಂದು ತಂದು ಉಳಿದದ್ದನ್ನು ಬದನೆಗೆ ಹೊಡೆದದ್ದೂ ತಪ್ಪೇ.

ಬದನೆಯ ಕುಡಿ ಮತ್ತು ಕಾಯಿ ಕೊರಕಕ್ಕೆ ವಾರವಾರ ಸಿಂಪಡಿಸುವುದು ಬಹುಮಟ್ಟಿಗೆ ದಂಡವೆಂದೇ ನಮ್ಮ ಅಭಿಪ್ರಾಯ. ಹುಳು ಕುಡಿಯೊಳಗೆ ಕೂತಿರುತ್ತದೆ, ಔಷಧಿ ಹೊರಗೆ ಬೀಳುತ್ತದೆ. ಬಾಡಿದ ಕುಡಿಗಳನ್ನೂ ತೂತುಬಿದ್ದ ಕಾಯಿಗಳನ್ನೂ ಕಿತ್ತು ಸುಡಿ. ಬದುವಿನ ಮೇಲೆ ಎಸೆದರೆ ಹುಳು ಪತಂಗವಾಗಿ ಹೊಲಕ್ಕೇ ಮರಳುತ್ತದೆ. ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳೂ ಸಿಗುತ್ತವೆ.

ಬೇವಿನ ಬೀಜದ ಕಷಾಯ ಮನೆಯಲ್ಲೇ ಆಗುತ್ತದೆ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಲೆಂದು ತುಸು ಸೋಪು ಬೆರೆಸಿ. ಬಿಸಿಲಿಗೆ ಸತ್ವ ಬೇಗ ಕುಂದುವುದರಿಂದ ಸಂಜೆಯೇ ಸಿಂಪಡಿಸಿ. ಹಣ್ಣು ಉದುರುವ ಕಾಲದಲ್ಲಿ ಬೀಜ ಆಯ್ದು ನೆರಳಲ್ಲಿ ಒಣಗಿಸಿಡಿ. ಎಂಟು ತಿಂಗಳು ಮೀರಿದ ಬೀಜ ಬೇಡ.