ಮದುವೆ ಮಾತ್ರೆಯಲ್ಲ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಬಗೆಹರಿಯದ ಇಕ್ಕಟ್ಟನ್ನು ಹೇಳಲು ಹುಟ್ಟಿದ ಈ ಗಾದೆಯ ಎರಡನೆಯ ಅರ್ಧವನ್ನಷ್ಟೇ ಹಿಡಿದುಕೊಂಡು ವೈದ್ಯ ಮಾಡುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಇಪ್ಪತ್ತನಾಲ್ಕರ ಹುಡುಗ ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಿಲ್ಲ, ಸ್ನಾನಕ್ಕೂ ಹೇಳಿಸಿಕೊಳ್ಳುತ್ತಾನೆ, ರಾತ್ರಿಯೆಲ್ಲ ಎದ್ದು ಕೂತಿರುತ್ತಾನೆ. ಸೋದರಮಾವ ಬಂದು ನೋಡಿ ಹೇಳುತ್ತಾನೆ: "ಅಕ್ಕಾ, ಇವನಿಗೊಂದು ಮೂಗುದಾರ ಹಾಕಿಬಿಡು. ಜವಾಬ್ದಾರಿ ಬಿದ್ರೆ ತಾನಾಗೇ ಸರಿಹೋಗ್ತಾನೆ." ಮನೆಯಲ್ಲಿರುವುದು ಹುಡುಗಿಯಾದರೆ ಮಾತು ಇನ್ನೂ ಚಿಕ್ಕದು: "ಗಂಡನ ಮನೆ ಸೇರಿದ್ರೆ ಇದನ್ನೆಲ್ಲ ಯೋಚಿಸೋಕೆ ಪುರಸೊತ್ತೆಲ್ಲಿರುತ್ತೆ?"

ಯುವಜನರ ಮನಸ್ಸಿನ ಕಾಯಿಲೆಗಳ ಬಗ್ಗೆ ತಪ್ಪು ತಿಳಿವಳಿಕೆಗೆ ಬರವಿಲ್ಲ. ಅವುಗಳಲ್ಲಿ ನನಗೆ ಸಹಿಸಲಾಗದ್ದು ಇದೊಂದು. ಬೇರೆ ತಪ್ಪುಗಳಿಂದ ಕೆಡುವುದು ಒಂದು ಜೀವ. ಇದು ಏನೂ ಅರಿಯದ ಇನ್ನೊಂದು ಜೀವವನ್ನು ಔಷಧಿಯ ಹೆಸರಲ್ಲಿ ತಂದು ಮನೆತುಂಬಿಸಿಕೊಳ್ಳುತ್ತದೆ. ಓದಿದವರು ಇದನ್ನು ನಂಬುವುದಿಲ್ಲ ಎಂದುಕೊಳ್ಳಬೇಡಿ. ಎಂಜಿನಿಯರುಗಳ ಮನೆಯಲ್ಲಿ, ಮೇಷ್ಟರ ಮನೆಯಲ್ಲಿ, ಅಮೆರಿಕದಲ್ಲಿರುವ ಮಗನಿಗೆ ಊರಲ್ಲಿ ಹೆಣ್ಣು ಹುಡುಕುವವರ ಮನೆಯಲ್ಲಿ ಈ ಮಾತು ಆಡಿದವರಿದ್ದಾರೆ, ಕೇಳಿ ತಲೆದೂಗಿದವರಿದ್ದಾರೆ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣವಿದೆ, ಅದು ಮೊದಲು ಅರ್ಥವಾಗಬೇಕು. ಮನಸ್ಸಿನ ಕಾಯಿಲೆಗಳು ಮುದುಕರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಹೆಚ್ಚಾಗಿ ಎಳೆಯರಲ್ಲಿ ಶುರುವಾಗುತ್ತವೆ. ಜಗತ್ತಿನ ನಾನಾ ಕಡೆಯ 192 ಅಧ್ಯಯನಗಳನ್ನು, ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂಥ ಕಾಯಿಲೆ ಬರುವವರಲ್ಲಿ ಶೇ 62ರಷ್ಟು ಮಂದಿಗೆ ಅದು 25 ತುಂಬುವ ಮೊದಲೇ ಕಾಣಿಸಿಕೊಂಡಿರುತ್ತದೆ. ಅಂದರೆ ನಾವು ಹೆಣ್ಣು-ಗಂಡು ನೋಡಲು ಶುರುಮಾಡುವ ವಯಸ್ಸೂ ಕಾಯಿಲೆ ತಲೆಯೆತ್ತುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಎರಡೂ ಒಟ್ಟಿಗೆ ಬಂದಾಗ ಒಂದು ಇನ್ನೊಂದಕ್ಕೆ ಪರಿಹಾರವೆಂದು ಕಾಣುವುದು ಸುಲಭ.

ಜೊತೆಗೆ, ಖಿನ್ನತೆಯಾಗಲಿ, ಉನ್ಮಾದವೂ ಖಿನ್ನತೆಯೂ ಸರದಿಯಲ್ಲಿ ಬರುವ ಬೈಪೋಲಾರ್ ಆಗಲಿ ಒಂದೇ ಸಮ ಇರುವುದಿಲ್ಲ. ಬರುತ್ತದೆ, ಕೆಲವು ತಿಂಗಳು ಕಾಡುತ್ತದೆ, ಚಿಕಿತ್ಸೆ ಇಲ್ಲದಿದ್ದರೂ ಎಷ್ಟೋ ಜನರಲ್ಲಿ ಇಳಿಯುತ್ತದೆ. ಮನೆಯವರು ಗಾಬರಿಬಿದ್ದು ಜಾತಕ ಹೊರಗೆ ತೆಗೆಯುವುದು ಅದು ಅತ್ಯಂತ ಜೋರಾಗಿರುವ ತಿಂಗಳಲ್ಲಿ. ಸಾಲಾವಳಿ ನೋಡಿ, ಮಾತುಕತೆ ಮುಗಿಸಿ, ನಿಶ್ಚಿತಾರ್ಥ ಮಾಡಿ, ಛತ್ರ ಸಿಕ್ಕಿ ಧಾರೆಯಾಗುವ ಹೊತ್ತಿಗೆ ಆರೆಂಟು ತಿಂಗಳು ಕಳೆದಿರುತ್ತದೆ. ಆ ವೇಳೆಗೆ ಹುಡುಗ ತಾನಾಗಿ ಚೇತರಿಸಿಕೊಂಡಿದ್ದರೆ ಅದರ ಕೀರ್ತಿಯೆಲ್ಲ ಅವನು ಕಟ್ಟಿದ ತಾಳಿಗೆ. ಮೊದಲ ಸಲ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮತ್ತೆ ಬರುತ್ತದೆ. ಹಾಗೆ ಬಂದಾಗ ತಾಳಿಯ ಮೇಲೆ ಯಾರೂ ದೂರು ಹೇಳುವುದಿಲ್ಲ. ಸೊಸೆಯ ಕಾಲ್ಗುಣ ಸರಿಯಿಲ್ಲ ಎನ್ನುತ್ತಾರೆ. ವಾಸಿಯಾದರೆ ಮದುವೆಯಿಂದ, ಆಗದಿದ್ದರೆ ಹುಡುಗಿಯಿಂದ. ಹೀಗೆ ಎರಡೂ ಕಡೆ ಗೆಲ್ಲುವಂತೆ ಕಟ್ಟಿಕೊಂಡ ನಂಬಿಕೆಯನ್ನು ಯಾವ ಅನುಭವವೂ ಅಲುಗಿಸಲಾರದು. ಅದಕ್ಕೇ ಇದು ತಲೆಮಾರುಗಳಿಂದ ಬದುಕಿಕೊಂಡಿದೆ.

ಮದುವೆಯಾದವರಲ್ಲಿ ಖಿನ್ನತೆ ಕಡಿಮೆ ಎಂದು ಹೇಳುವ ಅಧ್ಯಯನಗಳೂ ಇವೆ ಎಂದು ಯಾರಾದರೂ ವಾದಿಸಬಹುದು. ಇವೆ, ಹೆಚ್ಚಿನವು ಪಶ್ಚಿಮದ ದೇಶಗಳವು. ಆರೋಗ್ಯವಾಗಿರುವವರಿಗೆ ಮದುವೆಯಾಗುವುದೂ ಅದನ್ನು ಉಳಿಸಿಕೊಳ್ಳುವುದೂ ಸುಲಭ ಎಂಬುದು ಆ ವ್ಯತ್ಯಾಸಕ್ಕೆ ಒಂದು ಕಾರಣ. ಹೊಂದಿಕೆಯಿಲ್ಲದ ಸಂಸಾರ ಒಂಟಿತನಕ್ಕಿಂತ ಹೆಚ್ಚು ಮನಸ್ಸು ಕೆಡಿಸುತ್ತದೆ ಎಂಬುದು ಇನ್ನೊಂದು ಮಾತು. ನಮ್ಮ ದೇಶದ ಹೆಣ್ಣುಮಕ್ಕಳ ಮಟ್ಟಿಗಂತೂ ಈ ವಾದ ನಿಲ್ಲುವುದೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು 18ರಿಂದ 30ರೊಳಗಿನವರು. ವಿದ್ಯಾರ್ಥಿಗಳು 13,044. ಗೃಹಿಣಿಯರು 25,309, ಅಂದರೆ ಆ ವರ್ಷ ಹೀಗೆ ಸತ್ತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು. ಪರೀಕ್ಷೆಯ ಫಲಿತಾಂಶ ಬಂದ ವಾರ ಮಕ್ಕಳ ಸಾವು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಬರಬೇಕಾದದ್ದೇ. ಅದರ ಹತ್ತಿರ ಹತ್ತಿರ ಎರಡರಷ್ಟಿರುವ ಗೃಹಿಣಿಯರ ಸಾವು ಒಳಪುಟದ ಮೂಲೆಯಲ್ಲಿ ಎರಡು ಸಾಲಾಗಿ ಮುಗಿಯುತ್ತದೆ. ಇವರೆಲ್ಲ ಮನೋರೋಗಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಹೊಡೆತ, ಸಾಲ, ವರದಕ್ಷಿಣೆ, ಇನ್ನೂ ಎಷ್ಟೋ ಕಾರಣಗಳು ಆ ಅಂಕಿಯೊಳಗಿವೆ. 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನೇ ಎತ್ತಿ ಹೇಳಿತು: ಭಾರತದಲ್ಲಿ ಆತ್ಮಹತ್ಯೆಗೆ ಬಲಿಯಾಗುವ ಹೆಂಗಸರಲ್ಲಿ ವಿವಾಹಿತೆಯರ ಪಾಲೇ ದೊಡ್ಡದು, ಇಲ್ಲಿ ಮದುವೆ ಹೆಣ್ಣಿಗೆ ಅಷ್ಟಾಗಿ ರಕ್ಷೆಯಾಗಿಲ್ಲ. ಇಂಥ ಮನೆಬಾಗಿಲಿಗೆ ಈಗಾಗಲೇ ಖಿನ್ನತೆಯಲ್ಲಿರುವ ಮಗಳನ್ನು ಕಳಿಸಿ, ಅವಳು ಅಲ್ಲಿ ವಾಸಿಯಾಗುತ್ತಾಳೆ ಎಂದು ಕಾಯುವ ತಂದೆತಾಯಿಗೆ ಯಾರಾದರೂ ಎದುರು ನಿಂತು ಬೇಡ ಎನ್ನಬೇಕು.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಆ ನೂರರಲ್ಲಿ ಮೊದಲನೆಯದು ಮಾತ್ರೆಯ ಬಗ್ಗೆ. ಮಾತುಕತೆ ಶುರುವಾಗುತ್ತಿದ್ದಂತೆ ಮನೆಯವರು ಮಾತ್ರೆ ನಿಲ್ಲಿಸುತ್ತಾರೆ. "ಈಗ ಚೆನ್ನಾಗೇ ಇದ್ದಾಳಲ್ಲ, ಬೀಗರು ನೋಡಿದ್ರೆ ಏನಂದುಕೊಂಡಾರು?" ಚೆನ್ನಾಗಿರುವುದು ಮಾತ್ರೆಯಿಂದ ಎಂಬುದು ಅವರಿಗೆ ಹೊಳೆಯುವುದಿಲ್ಲ. ಬೈಪೋಲಾರ್ ಇರುವವರಲ್ಲಿ ನಿದ್ದೆಗೇಡು ಉನ್ಮಾದವನ್ನು ಎಬ್ಬಿಸುತ್ತದೆ, ಇದು ಮನೋವೈದ್ಯರೆಲ್ಲ ಬಲ್ಲ ಮಾತು. ನಮ್ಮ ಮದುವೆಯಲ್ಲಿ ಚಪ್ಪರದಿಂದ ಹಿಡಿದು ವರಪೂಜೆ, ಬೆಳಗಿನ ಜಾವದ ಮುಹೂರ್ತ, ಬೀಗರ ಔತಣದವರೆಗೆ ಮದುಮಕ್ಕಳಿಗೆ ನೆಟ್ಟಗೆ ನಿದ್ದೆ ಎಲ್ಲಿದೆ? ಮಾತ್ರೆ ನಿಂತಿದೆ, ನಿದ್ದೆ ಕೆಟ್ಟಿದೆ, ಸುತ್ತಲೂ ನೂರಾರು ಜನ. ಮದುವೆಯಾದ ಹದಿನೈದೇ ದಿನಕ್ಕೆ ಆಸ್ಪತ್ರೆ ಸೇರಿದರು ಎಂದು ಜನ ಆಮೇಲೆ ಮಾಟ, ದೃಷ್ಟಿ ಎಂದೆಲ್ಲ ಹುಡುಕುತ್ತಾರೆ.

ಹೆಣ್ಣುಮಕ್ಕಳಿಗೆ ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಬೈಪೋಲಾರ್‌ಗೆ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧಿಯನ್ನು ಬಸಿರಿನಲ್ಲಿ ತೆಗೆದುಕೊಂಡರೆ ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಅಂಗದೋಷ, ಹತ್ತರಲ್ಲಿ ಮೂರ್ನಾಲ್ಕು ಮಕ್ಕಳಿಗೆ ಬುದ್ಧಿ, ಮಾತು, ಬೆಳವಣಿಗೆಯ ತೊಂದರೆ. ಬಸಿರಾಗುವ ಮೊದಲೇ ವೈದ್ಯರ ಹತ್ತಿರ ಹೋದರೆ ಅದನ್ನು ಬದಲಿಸಿ ಬೇರೆ ಔಷಧಿಗೆ ಹಾಕಬಹುದು. ಗಂಡನಿಗೆ ಗೊತ್ತಿಲ್ಲದಂತೆ ಸೂಟ್‌ಕೇಸಿನ ಅಡಿಯಲ್ಲಿ ಮಾತ್ರೆ ಬಚ್ಚಿಟ್ಟುಕೊಂಡಿರುವವಳು ಯಾರ ಜೊತೆ ಹೋಗಿ ಯಾರನ್ನು ಕೇಳಬೇಕು? ಬೈಪೋಲಾರ್ ಇರುವ ತಾಯಂದಿರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೆರಿಗೆಯ ನಂತರದ ದಿನಗಳಲ್ಲಿ ಕಾಯಿಲೆ ತೀವ್ರವಾಗಿ ಮರುಕಳಿಸುತ್ತದೆ. ಮೊದಲೇ ಗೊತ್ತಿದ್ದರೆ ಅದನ್ನು ತಡೆಯುವ ದಾರಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಬಾಣಂತಿಯರನ್ನು ಕೂಸಿನ ಸಮೇತ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಇದೆ. ಮುಚ್ಚಿಟ್ಟವರ ಮನೆಯಿಂದ ಯಾರೂ ಸಮಯಕ್ಕೆ ಅಲ್ಲಿಗೆ ತಲುಪುವುದಿಲ್ಲ.

ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದವರನ್ನು ಹತ್ತು ವರ್ಷ ಹಿಂಬಾಲಿಸಿ ಅವರ ದಾಂಪತ್ಯ ಏನಾಯಿತೆಂದು ನೋಡಿದರು. ಹೆಚ್ಚಿನವರಿಗೆ ಮದುವೆಯಾಗಿತ್ತು. ಗಂಡಸರಲ್ಲಿ ಮದುವೆಯಾಗದೆ ಉಳಿದವರು ಹೆಚ್ಚು, ಹೆಂಗಸರಲ್ಲಿ ಮದುವೆ ಮುರಿದವರು ಹೆಚ್ಚು. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಸಹಿಸಿಕೊಂಡು ಬಾಳಬೇಕು, ಹೆಂಡತಿಗೆ ಕಾಯಿಲೆಯಾದರೆ ತವರಿಗೆ ಬಿಟ್ಟುಬರಬೇಕು. ನಮ್ಮ ಊರುಗಳಲ್ಲಿ ಕಣ್ಣು ಬಿಟ್ಟು ನೋಡಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಕಾನೂನಿನ ಮಾತೂ ಇದೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆಯ ಮದುವೆಯನ್ನು ರದ್ದು ಮಾಡಿಸಲು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅವಕಾಶವಿದೆ. ಬರೀ ಕಾಯಿಲೆಯ ಹೆಸರು ಹೇಳಿ ಬಿಟ್ಟುಹೋಗಲು ಅವಕಾಶವಿಲ್ಲ. ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿಯೊಂದೇ ವಿಚ್ಛೇದನಕ್ಕೆ ಸಾಲದು, ಅದು ಒಟ್ಟಿಗೆ ಬಾಳಲಾಗದಷ್ಟು ತೀವ್ರವಾಗಿದೆಯೇ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಹಾಗಾಗಿ ಹೇಳಿ ಮಾಡಿದ ಮದುವೆಗೆ ಕಾನೂನಿನ ಆಸರೆ ಇದೆ, ಮುಚ್ಚಿ ಮಾಡಿದ್ದಕ್ಕೆ ಅದೇ ಕಾನೂನಿನ ಭಯ.

ಮದುವೆಯಾಗದಿರುವುದೇ ಕೆಲವರ ದುಃಖ ಎಂಬುದನ್ನೂ ಒಪ್ಪುತ್ತೇನೆ. ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ರೈತಾಪಿ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಕ್ಕವರೇ ಹೆಚ್ಚು. ಬೇಸಾಯದಲ್ಲಿ ಆದಾಯವಿಲ್ಲ, ರೈತನಿಗೆ ಹೆಣ್ಣು ಕೊಡುವವರಿಲ್ಲ, ಜೊತೆಯವರೆಲ್ಲ ಪೇಟೆ ಸೇರಿದ್ದಾರೆ. ಆ ಒಂಟಿತನ ನಿಜವಾದದ್ದು, ನಗುವಂಥದ್ದಲ್ಲ. ಆದರೆ ಅದು ಬದುಕಿನ ದುಃಖ. ಅದಕ್ಕೆ ಸಂಗಾತಿ ಸಿಕ್ಕಿದರೆ ಸಮಾಧಾನವಾಗಬಹುದು. ಬೆಂಗಳೂರಿನ ವಿಜಯನಗರದ, ಧಾರವಾಡದ ಕೋಚಿಂಗ್ ಕೋಣೆಗಳಲ್ಲಿ ಸರ್ಕಾರಿ ನೇಮಕಾತಿ ಪರೀಕ್ಷೆಗೆ ಕಾದು ಕಾದು ಮೂವತ್ತು ದಾಟಿದವರ ಸಂಕಟಕ್ಕೂ ಬೇಕಾದದ್ದು ಮೊದಲು ಕೆಲಸ. ಕಾಯಿಲೆಯೇ ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಅರಿಶಿನದ ಕೊಂಬಿನಲ್ಲಿ ಬಿಡಿಸಲು ಹೋಗುವುದೇ ತಪ್ಪು.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ ಎನ್ನುವುದು ಸುಳ್ಳು. ನೇರವಾಗಿ, ಪ್ರೀತಿಯಿಂದ ಕೇಳಿದರೆ ಹೆಚ್ಚಿನವರಿಗೆ ಹಗುರವಾಗುತ್ತದೆ. ಖಿನ್ನತೆಯ ಮಾತ್ರೆ ಚಟವಾಗುತ್ತದೆ ಎನ್ನುವುದೂ ಸುಳ್ಳು. ಚಟವಾಗಬಲ್ಲದ್ದು ನಿದ್ದೆಗೆಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ನುಂಗುವ ಕೆಲವು ಮಾತ್ರೆಗಳು. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡು ಮೂರು ವಾರ ಬೇಕು, ನಾಲ್ಕನೇ ದಿನಕ್ಕೆ ಪ್ರಯೋಜನವಿಲ್ಲವೆಂದು ಎಸೆಯುವವರೇ ಅದರ ಬಗ್ಗೆ ಹೆಚ್ಚು ಮಾತಾಡುತ್ತಾರೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎನ್ನುವ ಹಿರಿಯರಿಗೆ ಒಂದೇ ಮಾತು: 1985ರಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿದರು, ಮುಂದೆ ಇಡೀ ದೇಶ ಅದೇ ಮಾದರಿಯನ್ನು ಹಿಡಿಯಿತು. ಇಲ್ಲದ ಕಾಯಿಲೆಗೆ ಯಾರೂ ಹಳ್ಳಿ ಹಳ್ಳಿ ಅಲೆಯುವುದಿಲ್ಲ.

ನನಗೆ ಸಂಕಟವಾಗುವುದು ನಮ್ಮ ನಂಬುವ ರೀತಿಯ ಬಗ್ಗೆ. ಎರಡು ಮನೆಯವರು ಕೂತು ನಕ್ಷತ್ರ, ಗಣ, ನಾಡಿ, ಕುಜದೋಷ ಎಲ್ಲವನ್ನೂ ಗಂಟೆಗಟ್ಟಲೆ ನೋಡುತ್ತಾರೆ. ಚಂದ್ರ ನೀಚನಾಗಿದ್ದರೆ ಮನಸ್ಸು ಸರಿಯಿರುವುದಿಲ್ಲ ಎಂದು ಟಿವಿಯಲ್ಲಿ ಹೇಳಿದ್ದನ್ನು ನಂಬಿ ಶಾಂತಿ ಮಾಡಿಸುತ್ತಾರೆ. ಎದುರಿಗೆ ಕೂತಿರುವ ಹುಡುಗನನ್ನು ಮಾತ್ರ "ಹೇಗಿದ್ದೀಯಪ್ಪಾ, ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳುವುದಿಲ್ಲ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು ಅಪರಾಧ ಎಂದು ಸಾರಲು ಕರ್ನಾಟಕಕ್ಕೆ 2017ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಮೊಬೈಲ್ ಬಂದ ಮೇಲೆ ನಂಬಿಕೆಗಳು ಕಡಿಮೆಯಾಗಲಿಲ್ಲ, ಓಡಾಡುವ ವೇಗ ಹೆಚ್ಚಿತು. ಒಂದು ನಿಮಿಷದ ರೀಲ್‌ನಲ್ಲಿ ಯಾರೋ ಖಿನ್ನತೆಗೆ ಬಾದಾಮಿ, ತುಪ್ಪ, ಮುಂಜಾನೆಯ ಸೂರ್ಯನನ್ನು ಸೂಚಿಸುತ್ತಾರೆ, ಲಕ್ಷ ಜನ ಹಂಚುತ್ತಾರೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳಿಂದ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಊರಿನ ಗ್ರಂಥಾಲಯದಲ್ಲೇ ಇರುತ್ತವೆ, ತೆರೆಯುವವರು ಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದಕ್ಕೆ ವೈದ್ಯರ ಕೊರತೆಯೂ ಕಾರಣ. ಕೈಗೆಟುಕುವ ಕಡೆ ವೈದ್ಯರಿದ್ದರೂ ಮೊದಲು ಪುರೋಹಿತರ, ಆಮೇಲೆ ದಲ್ಲಾಳಿಯ ಮನೆಗೆ ಹೋಗುವ ನಮ್ಮ ಅಭ್ಯಾಸವೂ ಕಾರಣ.

ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾ ಇರುವವರು ಮದುವೆಯಾಗಬಾರದೆಂದು ನಾನು ಹೇಳುತ್ತಿಲ್ಲ. ಚಿಕಿತ್ಸೆಯಲ್ಲಿದ್ದು ಚೆನ್ನಾಗಿ ಸಂಸಾರ ಮಾಡುವವರು ಬೇಕಾದಷ್ಟು ಜನರಿದ್ದಾರೆ. ಅವರ ವೈದ್ಯರು ಕೇಳುವುದೂ ಸರಳ ಪ್ರಶ್ನೆಗಳೇ: ಎಷ್ಟು ತಿಂಗಳಿಂದ ಕಾಯಿಲೆ ಹತೋಟಿಯಲ್ಲಿದೆ, ಮಾತ್ರೆ ಯಾವುದು, ಕೈಹಿಡಿಯುವವರಿಗೆ ಗೊತ್ತಿದೆಯೇ, ಮಗು ಯಾವಾಗ ಬೇಕು, ಎಲ್ಲಕ್ಕಿಂತ ಮೊದಲು ಈ ಮದುವೆ ನಿನಗೆ ಬೇಕೇ. ಕೊನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಇಪ್ಪತ್ತು ದಾಟಿದ ಆ ಮಗ ಅಥವಾ ಮಗಳು, ಸೋದರಮಾವನಲ್ಲ. ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. 14416ಕ್ಕೆ ಫೋನ್ ಮಾಡಿದರೆ ಕೇಂದ್ರ ಸರ್ಕಾರದ ಟೆಲಿ ಮನಸ್ ಸೇವೆಯಲ್ಲಿ ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ, ತಂದೆತಾಯಿಯೂ ಮಾಡಿ ಕೇಳಬಹುದು. ಛತ್ರಕ್ಕೆ ಮುಂಗಡ ಕೊಡುವ ಮೊದಲೇ ಮಾಡಿ.