ತಿದ್ದುವ ಮುನ್ನ ಕೇಳುವವರು

ಗಡಿನಾಡಿನ ನಮ್ಮ ಕನ್ನಡ ಮನೆಗಳಲ್ಲಿ ಬರೆಯುವವರಿಗೆ ಎಂದೂ ಕೊರತೆಯಿಲ್ಲ. ಕಲಿತ ಶಾಲೆ ಮಲಯಾಳದ್ದೋ ಮರಾಠಿಯದ್ದೋ, ಕಚೇರಿಯ ಕಾಗದಪತ್ರ ತಮಿಳಿನದೋ ತೆಲುಗಿನದೋ ಆಗಿದ್ದರೂ, ಮನಸ್ಸಿನ ಮಾತನ್ನು ಬರೆದಿಡುವಾಗ ಕೈ ಕನ್ನಡದ ಕಡೆಗೇ ತಿರುಗುತ್ತದೆ. ನಿವೃತ್ತ ಉಪಾಧ್ಯಾಯರು ಬರೆದ ಊರಿನ ಇತಿಹಾಸ, ಅಜ್ಜಿಯ ನೆನಪುಗಳು, ಸೊಸೆಯಾಗಿ ಬಂದವಳು ಮಧ್ಯಾಹ್ನದ ಬಿಡುವಿನಲ್ಲಿ ಬರೆದ ಕಥೆಗಳು, ಇಂತಹ ಹಸ್ತಪ್ರತಿಗಳು ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ವ್ಯಾಕರಣ ಬಲ್ಲವರೊಬ್ಬರ ಕೈಗೆ ಕೊಡುವುದು ವಾಡಿಕೆ. ಅವರು ಹ್ರಸ್ವ ದೀರ್ಘಗಳನ್ನೂ ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಸರಿಪಡಿಸಿ, "ಚೆನ್ನಾಗಿದೆ, ಅಚ್ಚು ಹಾಕಿಸಬಹುದು" ಎಂದು ಹಿಂದಿರುಗಿಸುತ್ತಾರೆ. ಅಕ್ಷರವೇನೋ ಶುದ್ಧವಾಯಿತು, ಆದರೆ ಕೃತಿ ಕೃತಿಯಾಯಿತೇ?

ಈ ಪ್ರಶ್ನೆಯನ್ನು ಎದುರಿಸುವವರೇ ರಚನಾ ಸಂಪಾದಕರು. ಕರಡು ತಿದ್ದುವವರ ಕೆಲಸಕ್ಕಿಂತ ಇವರ ಕೆಲಸ ಬಹಳ ಮೊದಲಿನದು. ಲೇಖನಿ ಕೈಗೆತ್ತಿಕೊಳ್ಳದೆ ಇಡೀ ಬರಹವನ್ನು ಒಮ್ಮೆ ಓದುವುದು. ಎರಡನೆಯ ಓದಿನಲ್ಲಿ ಪ್ರತಿ ಅಧ್ಯಾಯದ ಸಾರವನ್ನು ಒಂದೊಂದು ವಾಕ್ಯದಲ್ಲಿ ಬರೆದುಕೊಳ್ಳುವುದು. ಬಳಿಕ ಲೇಖಕರಿಗೆ ದೀರ್ಘವಾದೊಂದು ಪತ್ರ ಬರೆಯುವುದು. ಆ ಪತ್ರದಲ್ಲಿ ತೀರ್ಪಿಗಿಂತ ಪ್ರಶ್ನೆಗಳೇ ಹೆಚ್ಚು. ಕೆರೆಯ ಕಥೆ ಹೇಳಹೊರಟವರು ಮೂವತ್ತು ಪುಟ ವಂಶಾವಳಿಯನ್ನೇ ಬರೆದದ್ದೇಕೆ? ಬರಗಾಲದ ವರ್ಷ ಎರಡು ಸಾಲಿಗೆ ಮುಗಿದು, ಮದುವೆಗೆ ಬಂದವರ ಹೆಸರು ಇಪ್ಪತ್ತು ಪುಟಕ್ಕೆ ಹಬ್ಬಿದ್ದೇಕೆ? ಮನೆಯವರಲ್ಲದ ಓದುಗನಿಗೆ ಎಲ್ಲಿ ದಾರಿ ತಪ್ಪುತ್ತದೆ? ಬರಹ ಇನ್ನೂ ಅರ್ಧದಲ್ಲಿರುವಾಗಲೇ, ವಾರಕ್ಕೆ ಇಷ್ಟು ಪುಟವೆಂದು ಗೊತ್ತುಮಾಡಿ ಜೊತೆಗೂಡಿ ನಡೆಸುವವರು ಬರವಣಿಗೆಯ ಮಾರ್ಗದರ್ಶಕರು. ಅನೇಕ ವೇಳೆ ಈ ಎರಡು ಕೆಲಸಗಳನ್ನೂ ಒಬ್ಬರೇ ಮಾಡುವುದುಂಟು.

ಪ್ರಶ್ನೆಯೊಂದು ಏನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನ ಪ್ರಸಿದ್ಧವಾಗಿದೆ. 1957ರಲ್ಲಿ ಹಾರ್ಪರ್ ಲೀ ಎಂಬ ತರುಣ ಲೇಖಕಿಯ ಹಸ್ತಪ್ರತಿ ಲಿಪಿನ್‌ಕಾಟ್ ಪ್ರಕಾಶನ ಸಂಸ್ಥೆಗೆ ಬಂದಿತು. ಬೆಳೆದ ಮಗಳೊಬ್ಬಳು ತಂದೆಯನ್ನು ಕಾಣಲು ತವರೂರಿಗೆ ಮರಳುವ ಕಥೆ ಅದು. ಸಂಪಾದಕಿ ಟೇ ಹೊಹೊಫ್ ಅವರಿಗೆ ಅದು ಬಿಡಿ ಪ್ರಸಂಗಗಳ ಮಾಲೆಯಂತೆ ತೋರಿತು. ನಡುನಡುವೆ ಬರುವ ಬಾಲ್ಯದ ನೆನಪುಗಳಲ್ಲೇ ಜೀವವಿದೆಯೆಂದು ಅವರು ಗುರುತಿಸಿದರು. ಅವರ ಮಾರ್ಗದರ್ಶನದಲ್ಲಿ ಲೀ ಎರಡು ವರ್ಷಗಳಿಗೂ ಮಿಕ್ಕಿ ಮತ್ತೆ ಮತ್ತೆ ಬರೆದು, ಕಥೆಯನ್ನು ಬಾಲೆಯ ಕಣ್ಣಿನಿಂದ ಹೇಳಿದರು. ಅದೇ 1960ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ. ಮೊದಲಿನ ಹಸ್ತಪ್ರತಿಯೂ 2015ರಲ್ಲಿ ಬೇರೆ ಪುಸ್ತಕವಾಗಿ ಹೊರಬಂದಿರುವುದರಿಂದ ಎರಡನ್ನೂ ಇಟ್ಟು ಹೋಲಿಸಿ ನೋಡಬಹುದು. ದಾರಿ ತೋರಿದವರು ಸಂಪಾದಕಿ, ನಡೆದವರು ಲೇಖಕಿ.

ನಮ್ಮ ನಾಡಿನದೇ ಉದಾಹರಣೆಯೂ ಇಲ್ಲದಿಲ್ಲ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವನ್ನು ಕಂಡ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಸ್ವಂತ ಭಾಷೆಯಲ್ಲಿ ಬರೆಯಬಾರದೇಕೆ ಎಂದು ಸೂಚಿಸಿದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಕಸಿನ್ಸ್ ಕನ್ನಡ ಕಲಿಸಲಿಲ್ಲ. ಕೇಳಬೇಕಾದುದನ್ನು ಕೇಳಿದರು, ಅಷ್ಟೆ.

ಗಡಿನಾಡಿನ ಸಂಪಾದಕರಿಗೆ ಇನ್ನೊಂದು ಹೊಣೆಯೂ ಇದೆ. ಕಾಸರಗೋಡು ಸೀಮೆಯ ಹವ್ಯಕರ ಮನೆಮಾತಿನಲ್ಲಿ 'ಎಂಗೊ' ಎಂದರೆ ಕೇಳುವವರನ್ನು ಬಿಟ್ಟ ನಾವು. 'ನಾವು' ಎಂದರೆ ಅವರನ್ನೂ ಸೇರಿಸಿಕೊಂಡ ನಾವು. ಮಲಯಾಳದಲ್ಲಿ ಞಙ್ಙಳ್ ಮತ್ತು ನಮ್ಮಳ್, ತಮಿಳಿನಲ್ಲಿ ನಾಂಗಳ್ ಮತ್ತು ನಾಮ್, ತೆಲುಗಿನಲ್ಲಿ ಮೇಮು ಮತ್ತು ಮನಮು, ಮರಾಠಿಯಲ್ಲಿ ಆಮ್ಹಿ ಮತ್ತು ಆಪಣ, ಇವೂ ಇದೇ ಭೇದವನ್ನು ಹೇಳುತ್ತವೆ. ಗ್ರಂಥಸ್ಥ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ಮಾತು. ಅಜ್ಜಿ ಬರೆದ 'ಎಂಗೊ' ಎಂಬುದನ್ನು ತಪ್ಪೆಂದು ಹೊಡೆದು 'ನಾವು' ಎಂದು ತಿದ್ದಿದರೆ, ಆ ದಿನ ಯಾರು ಒಳಗಿದ್ದರು, ಯಾರು ಹೊರಗುಳಿದರು ಎಂಬ ಸಂಗತಿಯೇ ಅಳಿಸಿಹೋಗುತ್ತದೆ. ಆದುದರಿಂದ ಪ್ರಾದೇಶಿಕ ಮಾತನ್ನು ಕಂಡೊಡನೆ ಕೆಂಪು ಗೆರೆ ಎಳೆಯದೆ, "ಇದನ್ನು ಬೇಕೆಂದೇ ಬರೆದಿರಾ?" ಎಂದು ವಿಚಾರಿಸುವುದು ಉಚಿತ. ಅಗತ್ಯವಿದ್ದರೆ ಅರ್ಥ ವಿವರಿಸುವ ಒಂದು ಮಾತನ್ನು ಪಕ್ಕದಲ್ಲಿ ಸೇರಿಸಬಹುದು. ತೀರ್ಮಾನ ಮಾತ್ರ ಬರೆದವರದೇ.

ಹೊಹೊಫ್ ಸಂಸ್ಥೆಯೊಂದರ ಸಂಬಳದಲ್ಲಿದ್ದವರು. ಇಂದು ಸ್ವತಂತ್ರವಾಗಿ, ಮನೆಯಲ್ಲೇ ಕುಳಿತು ಈ ಕೆಲಸ ಮಾಡುವವರು ಅನೇಕರು. ವಿಸ್ತಾರವಾಗಿ ಓದಿದ, ತಾಳ್ಮೆಯುಳ್ಳ ನಮ್ಮ ಗೃಹಿಣಿಯರಿಗೂ ನಿವೃತ್ತ ಅಧ್ಯಾಪಕರಿಗೂ ಇದು ಒಪ್ಪುವ ವೃತ್ತಿ. ಆದರೆ ತಿಂಗಳ ಸಂಬಳದ ಭರವಸೆ ಇದರಲ್ಲಿಲ್ಲ. ಒಂದು ತಿಂಗಳು ಎರಡು ಹಸ್ತಪ್ರತಿ ಬಂದರೆ ಮುಂದಿನ ಎರಡು ತಿಂಗಳು ಬರಿದೇ ಹೋಗಬಹುದು. ಬಂಧುಗಳಲ್ಲಿ ಹಣ ಕೇಳುವ ಸಂಕೋಚವೂ ದೊಡ್ಡದು. "ಸ್ವಲ್ಪ ನೋಡಿಕೊಡಿ" ಎಂದು ಕೊಟ್ಟ ಮುನ್ನೂರು ಪುಟ ಒಂದು ತಿಂಗಳ ದುಡಿಮೆಯೆಂಬುದನ್ನು ಕೊಟ್ಟವರೂ ಅರಿಯಬೇಕು. ಮೊದಲು ಒಂದು ಅಧ್ಯಾಯವನ್ನು ಮಾದರಿಗಾಗಿ ಓದಿ ಅಭಿಪ್ರಾಯ ತಿಳಿಸಿ, ಪರಸ್ಪರ ಹೊಂದಿಕೆಯಾದರೆ ಎಷ್ಟು ಓದು, ಎಷ್ಟು ದಿನ, ಎಷ್ಟು ಸಂಭಾವನೆ ಎಂಬುದನ್ನು ಕಾಗದದಲ್ಲಿ ಬರೆದುಕೊಂಡು, ಒಂದು ಪಾಲನ್ನು ಮುಂಗಡವಾಗಿ ಪಡೆಯುವುದು ಇಬ್ಬರಿಗೂ ಕ್ಷೇಮ. ಪ್ರಕಟಣೆಯ ಅಥವಾ ಪ್ರಶಸ್ತಿಯ ಆಸೆ ತೋರಿಸಬಾರದು; ಲೇಖಕರ ಬದಲು ತಾವೇ ಬರೆದುಕೊಡಲೂಬಾರದು.

ಕೊನೆಯದಾಗಿ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಕಾಗುಣಿತವನ್ನು ನೂರು ವರ್ಷದ ಬಳಿಕವೂ ಯಾರಾದರೂ ತಿದ್ದಬಹುದು. ಆದರೆ ಬರಗಾಲದ ವರ್ಷ ಎರಡೇ ಸಾಲಿಗೆ ಏಕೆ ನಿಂತಿತು ಎಂಬುದನ್ನು ಹೇಳಬಲ್ಲವರು ಬರೆದವರು ಮಾತ್ರ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರ ಹಸ್ತಪ್ರತಿ ಇದ್ದರೆ ಅಚ್ಚಿನ ಖರ್ಚನ್ನು ಲೆಕ್ಕ ಹಾಕುವ ಮೊದಲು, ಅವರ ಬಳಿ ಕುಳಿತು ಪುಟ ಪುಟವಾಗಿ ಕೇಳುವ ಒಬ್ಬರನ್ನು ಹುಡುಕಿರಿ. ಹೊರಗಿನವರು ದೊರೆಯದಿದ್ದರೆ ಮನೆಯ ಮೊಮ್ಮಕ್ಕಳೇ ಆದೀತು. ಅವರು ಉತ್ತರಿಸುವ ಸ್ಥಿತಿಯಲ್ಲಿರುವಾಗಲೇ ಈ ಕೆಲಸ ನಡೆಯಲಿ.