ಹಲ್ಲಿನ ಬೇರನ್ನು ತೊಳೆಯುವ ಬಗೆ

ಹುಳುಕು ಹಲ್ಲಿನ ನೋವಿನಿಂದ ರಾತ್ರಿಯೆಲ್ಲ ನಿದ್ರೆಗೆಟ್ಟು ದಂತವೈದ್ಯರಲ್ಲಿಗೆ ಹೋದವರಿಗೆ ‘ರೂಟ್ ಕೆನಾಲ್ ಮಾಡಬೇಕು’ ಎಂಬ ಮಾತು ಈಗ ಚಿರಪರಿಚಿತವಾದುದು. ಆದರೆ ಆ ಚಿಕಿತ್ಸೆಯ ಯಶಸ್ಸು ಬೇರಿನೊಳಗೆ ಆಡುವ ಲೋಹದ ಅರಗಳಿಗಿಂತ ಮಿಗಿಲಾಗಿ, ಅವುಗಳ ಹಿಂದೆಯೇ ಒಳಹೊಗುವ ದ್ರವವನ್ನು ಅವಲಂಬಿಸಿದೆಯೆಂಬುದನ್ನು ಬಲ್ಲವರು ವಿರಳ.

ಬೇರಿನೊಳಗೆ ನೆಟ್ಟಗಿನ ಒಂದೇ ನಾಳವಿರುವುದೆಂದು ಭಾವಿಸುವುದು ಸಹಜವಾದರೂ, ಜೂರಿಕ್ ನಗರದ ವಾಲ್ಟರ್ ಹೆಸ್ ಎಂಬ ವಿದ್ವಾಂಸರು ಕಳೆದ ಶತಮಾನದ ಆದಿಭಾಗದಲ್ಲಿ ಸಾವಿರಾರು ಹಲ್ಲುಗಳ ಪೊಳ್ಳಿಗೆ ರಬ್ಬರನ್ನು ತುಂಬಿ, ಹಲ್ಲನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಅಚ್ಚುಗಳನ್ನು ಲೋಕದ ಮುಂದಿಟ್ಟಾಗ ಕಂಡುದು ಕವಲುಗಳ, ಅಡ್ಡದಾರಿಗಳ, ನಾಳದಿಂದ ನಾಳಕ್ಕೆ ಹಾಯುವ ತೆಳುಸಂಧಿಗಳ ಜಟಿಲವಾದ ಜಾಲ. ಅದರ ಗೋಡೆಗಳಲ್ಲಿಯೂ 1ರಿಂದ 2.5 ಮೈಕ್ರಾನ್ ವ್ಯಾಸದ ಅಸಂಖ್ಯ ನಾಳಿಕೆಗಳುಂಟು. ಎಂಟೆರೊಕಾಕಸ್ ಫೀಕ್ಯಾಲಿಸ್ ಎಂಬ ಸೂಕ್ಷ್ಮಜೀವಿಯು ಅವುಗಳಲ್ಲಿ ಹೊಕ್ಕು, ಆಹಾರವಿಲ್ಲದೆಯೂ ಬಹುಕಾಲ ಜೀವ ಹಿಡಿದಿರಬಲ್ಲುದು. 2001ರಲ್ಲಿ ಅದೇ ಜೂರಿಕ್ ನಗರದ ಸಂಶೋಧಕರು, ಮೇಲ್ದವಡೆಯ ಹಲ್ಲುಗಳಲ್ಲಿ ಯಾವ ಬಗೆಯ ಅರವನ್ನು ಬಳಸಿದರೂ ನಾಳದ ಗೋಡೆಯ ನೂರಕ್ಕೆ 35 ಭಾಗವೋ ಅದಕ್ಕೂ ಮಿಗಿಲಾದ ಭಾಗವೋ ಲೋಹದ ಸ್ಪರ್ಶವಿಲ್ಲದೆಯೇ ಉಳಿಯುವುದನ್ನು ಸೂಕ್ಷ್ಮ ಸಿ.ಟಿ. ಚಿತ್ರಗಳಿಂದ ತೋರಿಸಿಕೊಟ್ಟರು.

ಅರ ತಲುಪದೆಡೆಗೆ ದ್ರವವೇ ತಲುಪಬೇಕು. ಮೊದಲನೆಯ ಮಹಾಯುದ್ಧದ ಗಾಯಾಳುಗಳ ಹುಣ್ಣುಗಳನ್ನು ತೊಳೆಯಲು ಹೆನ್ರಿ ಡೇಕಿನ್ ಬಳಕೆಗೆ ತಂದ ಸೋಡಿಯಂ ಹೈಪೋಕ್ಲೋರೈಟ್, ಸತ್ತ ಅಂಗಾಂಶವನ್ನು ಕರಗಿಸಿ ಜೀವಾಣುಗಳನ್ನೂ ಕೊಲ್ಲುವ ಗುಣದಿಂದ ಇಂದಿಗೂ ಈ ಕಾರ್ಯಕ್ಕೆ ಪ್ರಧಾನ ದ್ರಾವಣವಾಗಿದೆ. ಆದರೆ ಸಿರಿಂಜಿನಿಂದ ಬಿಟ್ಟ ದ್ರವವು ಸೂಜಿಯ ತುದಿಯಿಂದಾಚೆಗೆ ಹೆಚ್ಚು ದೂರ ಸಾಗಲಾರದು. ಕೊರಳು ಕಿರಿದಾದ ಸೀಸೆಗೆ ನೀರು ಹುಯ್ಯುವಾಗ ಗಾಳಿ ತಡೆಯುವಂತೆ, ಬೇರಿನ ಕುರುಡು ತುದಿಯಲ್ಲಿ ಸಿಕ್ಕಿಕೊಂಡ ಗುಳ್ಳೆಯೊಂದು ಅದನ್ನು ಮೇಲೆಯೇ ನಿಲ್ಲಿಸಿಬಿಡುತ್ತದೆ.

ಇಲ್ಲಿಯೇ ಶ್ರವಣಾತೀತ ಕಂಪನವು ನೆರವಿಗೆ ಬರುವುದು. 1957ರಲ್ಲಿ ರಿಚ್‌ಮನ್ ಮೊದಲು ಪ್ರಯೋಗಿಸಿದ ಈ ವಿಧಾನವನ್ನು ಮುಂದೆ ಅಮೆರಿಕದ ಮಾರ್ಟಿನ್ ಮತ್ತು ಕನಿಂಗ್‌ಹ್ಯಾಮ್ ಬೆಳೆಸಿದರು. ಕಂಪಿಸುವ ಅರದಿಂದಲೇ ಗೋಡೆಯನ್ನು ಕೆತ್ತಿಸುವ ಆಸೆ ಅಂದು ಇದ್ದಿತಾದರೂ ನಾಳದ ಆಕಾರವೇ ಕೆಡತೊಡಗಿದುದರಿಂದ, ಕೆತ್ತುವುದನ್ನು ಬಿಟ್ಟು ತೊಳೆಯುವುದಕ್ಕಷ್ಟೇ ಅದನ್ನು ಮೀಸಲಿಡುವ ಪದ್ಧತಿ ನೆಲೆಗೊಂಡಿತು. 1987ರಲ್ಲಿ ಅಹಮದ್, ಪಿಟ್ ಫೋರ್ಡ್ ಮತ್ತು ಕ್ರಮ್, ಕಂಪಿಸುವ ತಂತಿಯ ಸುತ್ತ ಏಳುವ ಸಣ್ಣ ಸಣ್ಣ ಸುಳಿಗಳೇ ಈ ತೊಳೆಯುವಿಕೆಯ ಮುಖ್ಯ ಶಕ್ತಿಯೆಂದು ಪ್ರತಿಪಾದಿಸಿದರು.

ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ನಯ ತಿಳಿಯುವುದು. ರಬ್ಬರಿನ ಹಾಳೆಯಿಂದ ಹಲ್ಲನ್ನು ಬಾಯಿಯ ತೇವದಿಂದ ಬೇರ್ಪಡಿಸಿ, ನಾಳವನ್ನು ದ್ರಾವಣದಿಂದ ತುಂಬಿ, ತೆಳುವಾದ ತಂತಿಯನ್ನು ಬೇರಿನ ತುದಿಗೆ ಒಂದೆರಡು ಮಿಲಿಮೀಟರ್ ಮೇಲೆಯೇ ನಿಲ್ಲುವಂತೆ ಇಳಿಸಿ ಪೆಡಲನ್ನು ಒತ್ತಿದೊಡನೆ, ಅದು ಸೆಕೆಂಡಿಗೆ ಸುಮಾರು 30,000 ಬಾರಿ ಕಂಪಿಸತೊಡಗಿ, ತಿಳಿಯಾಗಿದ್ದ ದ್ರವವು ಕೊಳೆಯನ್ನೆಬ್ಬಿಸಿಕೊಂಡು ಕದಡುತ್ತದೆ. ತಂತಿಯು ಗೋಡೆಗೆ ಒತ್ತಿಕೊಂಡರೆ ಕಂಪನ ಕುಗ್ಗುವುದರಿಂದ ವೈದ್ಯರ ಕೈ ಹಗುರವಾಗಿರತಕ್ಕದ್ದು. ಸುಮಾರು 20 ಸೆಕೆಂಡು ಕಳೆದ ಮೇಲೆ ಕದಡಿದುದನ್ನು ಹೊರದೂಡಿ ಹೊಸ ದ್ರಾವಣವನ್ನು ತುಂಬುವುದು, ಹೀಗೆ ಮೂರಾವೃತ್ತಿ. ಗೋಡೆಗೆ ಅಂಟಿದ, ಅರ ಉಜ್ಜಿದ ಪುಡಿಯ ಲೇಪವನ್ನು ಕರಗಿಸಲು 17 ಪ್ರತಿಶತ ಇ.ಡಿ.ಟಿ.ಎ. ದ್ರಾವಣವೂ ಬೇಕು. ಹೈಪೋಕ್ಲೋರೈಟನ್ನು ಬೇರಿನ ತುದಿಯಾಚೆಗೆ ಒತ್ತಡದಿಂದ ನುಗ್ಗಿಸಿದರೆ ಅಸಹನೀಯವಾದ ಉರಿಯೂ ಮುಖದ ಬಾವೂ ಉಂಟಾಗುವುವಾದುದರಿಂದ ಇಲ್ಲಿ ಅವಸರಕ್ಕೆ ಎಡೆಯಿಲ್ಲ.

ಈ ಕಂಪನದಿಂದ ಎಲ್ಲ ಹಲ್ಲುಗಳೂ ಹೆಚ್ಚು ಚೆನ್ನಾಗಿ ಮಾಯುವುವೆಂದು ಹೇಳಬರುವಂತಿಲ್ಲ. ಒಂದೇ ಬೇರಿನ ಹಲ್ಲುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಕಂಪನವಿದ್ದ ಗುಂಪಿಗೂ ಇಲ್ಲದ ಗುಂಪಿಗೂ ನಿರ್ಣಾಯಕವಾದ ವ್ಯತ್ಯಾಸ ಕಾಣಲಿಲ್ಲ. ಆದರೂ ನಾಳಗಳ ನಡುವೆ ಸಂಧಿಗಳಿರುವ ದವಡೆಹಲ್ಲುಗಳಲ್ಲಿ, ಬರಿಯ ಸಿರಿಂಜಿಗಿಂತ ಇದು ಆ ಎಡೆಗಳನ್ನು ಹೆಚ್ಚು ಚೊಕ್ಕಟಗೊಳಿಸುವುದನ್ನು ಪ್ರಯೋಗಶಾಲೆಗಳು ಮತ್ತೆ ಮತ್ತೆ ಕಂಡಿರುವುದರಿಂದ, ಅಂತಹ ಹಲ್ಲಿಗೆ ಈ ಕೆಲವು ನಿಮಿಷಗಳನ್ನು ಕೊಡುವ ವೈದ್ಯರನ್ನು ನಾನು ಮೆಚ್ಚುತ್ತೇನೆ. ಕುರ್ಚಿಯಲ್ಲಿ ಒರಗಿದ ರೋಗಿಯೂ ತಡವಾಯಿತೆಂದು ಚಡಪಡಿಸದೆ ಅಷ್ಟು ಹೊತ್ತು ಬಾಯಿ ತೆರೆದಿರಬೇಕು. ಇಷ್ಟೆಲ್ಲ ತೊಳೆದು, ಒಣಗಿಸಿ, ನಾಳಕ್ಕೆ ಗಟ್ಟಾಪರ್ಚಾ ಎಂಬ ವಸ್ತುವನ್ನು ತುಂಬಿದ ಮೇಲೆಯೂ ಹಲ್ಲಿನ ಮೇಲ್ಭಾಗ ಭದ್ರವಾಗಿಲ್ಲದಿದ್ದರೆ ಜೊಲ್ಲಿನೊಡನೆ ಜೀವಾಣುಗಳು ಪುನಃ ಕೆಳಗಿಳಿಯುವುವು. ವೈದ್ಯರು ಹೇಳಿದ ಕ್ಯಾಪನ್ನು, ನೋವು ಹೋಯಿತೆಂಬ ನೆಮ್ಮದಿಯಲ್ಲಿ ಮುಂದೂಡದೆ, ಬೇಗನೆ ಹಾಕಿಸಿಕೊಳ್ಳತಕ್ಕದ್ದು.